ಪೇಪರಿನಲ್ಲಿ ಬಂತೇ ತಂಗಿ?

ನೀರು ಪೂರ್ತಿ ಇಳಿದು, ಉತ್ತರ ಕನ್ನಡದ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬಗಳು ಮೈ ತೋರಿಸುವ ಹೊತ್ತು ಬಹಳ ಚಿಕ್ಕದು. ಎರಡು ತಾಸು, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಾದರೆ ಇನ್ನೊಂದಿಷ್ಟು. ಅಷ್ಟರೊಳಗೆ ಬಳಚು, ಅಂದರೆ ಮರಳಿನಲ್ಲಿ ಹುದುಗಿರುವ ಎರಡು ಚಿಪ್ಪಿನ ಜೀವಿಯನ್ನು, ಹೆಕ್ಕುವವರು ಹೆಕ್ಕಿ ಮುಗಿಸಬೇಕು, ನನ್ನಂತೆ ಬಳಚು ಎಣಿಸುವವರು ಎಣಿಸಿ ಮುಗಿಸಬೇಕು. ಹದಿನಾಲ್ಕು ವರ್ಷದ ಹಿಂದಿನ ಒಂದು ಜನವರಿಯ ಬೆಳಿಗ್ಗೆ ನಾನು ಮೊಣಕಾಲು ಮಟ್ಟದ ಕೆಸರಿನಲ್ಲಿ ಕುಳಿತು ಕೆಲಸ ಮಾಡುತ್ತಿದ್ದೆ. ಕಾಲು ಮೀಟರ್ ಉದ್ದಗಲದ ಕಬ್ಬಿಣದ ಚೌಕಟ್ಟನ್ನು ಮರಳಿನ ಮೇಲೆ ಒತ್ತುವುದು, ಅದರೊಳಗಿನ ಮರಳನ್ನು ಗೇಣುದ್ದ ಆಳದವರೆಗೆ ತೋಡಿ ತೆಗೆಯುವುದು, ಜರಡಿಗೆ ಹಾಕಿ ನೀರಿನಲ್ಲಿ ಅಲ್ಲಾಡಿಸುವುದು, ಉಳಿದ ಬಳಚನ್ನು ಒಂದೊಂದಾಗಿ ಕ್ಯಾಲಿಪರ್‌ನ ಬಾಯಿಗೆ ಕೊಟ್ಟು ಅಳೆದು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವುದು. ಅಳಿವೆಯ ಕೆಲಸಕ್ಕೆ ಪೆನ್ಸಿಲ್ಲೇ ಬೇಕು, ಶಾಯಿ ನೀರಿಗೆ ನಿಲ್ಲುವುದಿಲ್ಲ. ಅಳೆದದ್ದನ್ನು ತೆಗೆದ ಜಾಗದಲ್ಲಿಯೇ ಮತ್ತೆ ಹುಗಿದು ಮುಂದಿನ ಚೌಕಕ್ಕೆ ಹೋಗಬೇಕು.

ಹತ್ತು ಮಾರು ದೂರದಲ್ಲಿ ಹೆಕ್ಕುತ್ತಿದ್ದ ಹಿರಿಯ ಹೆಂಗಸೊಬ್ಬರು ಬಹಳ ಹೊತ್ತು ನನ್ನನ್ನೇ ನೋಡಿದರು. ಸಿಕ್ಕಿದ ಬಳಚನ್ನು ಬುಟ್ಟಿಗೆ ಹಾಕದೆ ಮರಳಿಗೇ ಮರಳಿಸುವವಳನ್ನು ಅವರು ಮೊದಲ ಸಲ ಕಂಡಿದ್ದರು. ಹತ್ತಿರ ಬಂದು, ‘ಇಷ್ಟೆಲ್ಲ ಬರೆದುಕೊಂಡು ಏನು ಮಾಡುತ್ತೀಯೆ ತಂಗಿ?’ ಎಂದು ಕೇಳಿದರು. ‘ಪತ್ರಿಕೆಗೆ ಬರೆಯುತ್ತೇನೆ ಅಮ್ಮ’ ಎಂದೆ. ನೀರು ಏರಲು ಶುರುವಾಗಿತ್ತು, ನನಗೆ ಇನ್ನೂ ಆರು ಚೌಕ ಬಾಕಿ ಇದ್ದವು. ಅವರು ತಲೆಯಾಡಿಸಿ ತಮ್ಮ ಬುಟ್ಟಿಯ ಕಡೆ ಹೋದರು.

ಮುಂದಿನ ತಿಂಗಳು ಅದೇ ದಿಬ್ಬಕ್ಕೆ ಹೋದಾಗ ಅವರು ದೂರದಿಂದಲೇ ಕೂಗಿ ಕೇಳಿದರು: ‘ಪೇಪರಿನಲ್ಲಿ ಬಂತೇ ತಂಗಿ?’

ಅವರ ಮನೆಗೆ ಪೇಪರ್ ಬರುತ್ತಿರಲಿಲ್ಲ. ಶಾಲೆಗೆ ಹೋಗುವ ಮೊಮ್ಮಗನಿಗೆ ಹೇಳಿ, ದಿನವೂ ಚಹಾದ ಅಂಗಡಿಯಲ್ಲಿ ಪೇಪರ್ ತಿರುವಿ ನೋಡಿಸಿದ್ದರಂತೆ. ಒಂದು ತಿಂಗಳು. ನಾನು ‘ಪತ್ರಿಕೆ’ ಎಂದದ್ದು ಹೊರದೇಶದಿಂದ ಇಂಗ್ಲಿಷಿನಲ್ಲಿ ಬರುವ, ಹಣ ಕೊಟ್ಟರೆ ಮಾತ್ರ ತೆರೆದುಕೊಳ್ಳುವ ಸಂಶೋಧನಾ ನಿಯತಕಾಲಿಕವನ್ನು. ಅವರು ಕೇಳಿಸಿಕೊಂಡದ್ದು ಊರಿನವರೆಲ್ಲ ಓದುವ ಪತ್ರಿಕೆಯನ್ನು. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಆ ಒಂದೇ ಮಾತಿನೊಳಗೆ ಇಷ್ಟು ದೂರವಿದೆ ಎಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಎರಡು ವರ್ಷದ ಮೇಲೆ ಲೇಖನ ಅಚ್ಚಾಯಿತು. ಅದರಲ್ಲಿ ಆಕೆಯ ದಿಬ್ಬದ ಹೆಸರು ‘ಸ್ಟೇಷನ್ 3’. ಆಕೆ ಮತ್ತು ಆಕೆಯ ಜೊತೆಯವರು ಒಂದು ವಾಕ್ಯದಲ್ಲಿ ಬರುತ್ತಾರೆ, ಬಳಚಿನ ಸಂಖ್ಯೆ ಇಳಿಯಲು ಇರಬಹುದಾದ ಕಾರಣಗಳ ಸಾಲಿನಲ್ಲಿ.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಡಲಿನ ಜೀವಿಗಳನ್ನು ಓದುವ ವೃತ್ತಿಗೆ ಬಂದು ಇಪ್ಪತ್ತೈದು ವರ್ಷವಾಯಿತು. ಈ ವೃತ್ತಿಯಲ್ಲಿ ಕಂಡುಕೊಳ್ಳುವುದೇ ಕೆಲಸ, ಹೇಳುವುದು ಬಿಡುವಿದ್ದಾಗ ಮಾಡುವ ಸಮಾಜಸೇವೆ ಎಂಬ ತಿಳಿವಳಿಕೆ ಎಲ್ಲ ಕಡೆಯೂ ಇದೆ. ನಾನು ಕಂಡ ವಾರ್ಷಿಕ ಮೌಲ್ಯಮಾಪನದ ನಮೂನೆಗಳಲ್ಲಿ ಕನ್ನಡದಲ್ಲಿ ಬರೆದದ್ದನ್ನು ತುಂಬಲು ಒಂದು ಕಲಮು ಇರಲಿಲ್ಲ. ‘ಇತರೆ’ ಎಂಬಲ್ಲಿ ಹಾಕುತ್ತಿದ್ದೆವು. ಇದು ಸರಿಯಲ್ಲ ಎಂದು ಮನಸ್ಸು ಹೇಳುತ್ತಿತ್ತು, ಆದರೆ ಹೇಗೆ ಸರಿಯಲ್ಲ ಎಂದು ನನಗೆ ಬಿಡಿಸಿ ತೋರಿಸಿದ್ದು ಅಮೆರಿಕದ ಕಡಲ ಜೀವವಿಜ್ಞಾನಿ, ಬರಹಗಾರ್ತಿ ರೇಚೆಲ್ ಕಾರ್ಸನ್ ಅವರ ಬದುಕು.

ಮೀನುಗಾರಿಕೆ ಇಲಾಖೆಯ ಬರಹಗಾರ್ತಿ

ಕಾರ್ಸನ್ ಎಂದರೆ ನಮಗೆಲ್ಲ ಡಿಡಿಟಿ ಎಂಬ ಕೀಟನಾಶಕ ನೆನಪಾಗುತ್ತದೆ. 1962ರಲ್ಲಿ ಕೀಟನಾಶಕಗಳ ಮೇಲೆ ಬರೆದ ಪುಸ್ತಕ, ಅದರ ಮೇಲೆ ರಾಸಾಯನಿಕ ಕಂಪನಿಗಳು ಮುಗಿಬಿದ್ದದ್ದು, 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿದ್ದು. ಆ ಕಥೆ ನಿಮಗೆ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಅದಕ್ಕೂ ಮುಂಚಿನ ಮೂವತ್ತು ವರ್ಷ. ಆಗ ಅವರು ಕಡಲಿನ ಜೀವವಿಜ್ಞಾನಿ, ಕಡಲಿನ ಬರಹಗಾರ್ತಿ.

ಹುಟ್ಟಿದ್ದು 1907ರಲ್ಲಿ, ಪೆನ್ಸಿಲ್ವೇನಿಯಾದ ಸ್ಪ್ರಿಂಗ್‌ಡೇಲ್‌ನಲ್ಲಿ. ಕಡಲು ಅಲ್ಲಿಂದ ನೂರಾರು ಮೈಲಿ. ಕಾಲೇಜಿಗೆ ಸೇರಿದ್ದು ಸಾಹಿತ್ಯ ಓದಲು, ನಡುವೆ ಜೀವವಿಜ್ಞಾನದ ಅಧ್ಯಾಪಕಿ ಮೇರಿ ಸ್ಕಾಟ್ ಸ್ಕಿಂಕರ್ ಅವರ ಪಾಠ ಕೇಳಿ ದಾರಿ ಬದಲಿಸಿದರು. ಬರವಣಿಗೆಯನ್ನು ಬಿಟ್ಟೆ ಎಂದೇ ಅವರು ತಿಳಿದಿದ್ದರು. ಮೊದಲ ಸಲ ಕಡಲು ಕಂಡದ್ದು 1929ರ ಬೇಸಿಗೆಯಲ್ಲಿ, ವುಡ್ಸ್ ಹೋಲ್‌ನ ಕಡಲ ಜೀವವಿಜ್ಞಾನ ಪ್ರಯೋಗಾಲಯಕ್ಕೆ ಹೋದಾಗ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1932ರಲ್ಲಿ ಪಡೆದ ಸ್ನಾತಕೋತ್ತರ ಪದವಿಯ ಪ್ರಬಂಧ ಬೆಕ್ಕುಮೀನಿನ ಮರಿಯ ತಾತ್ಕಾಲಿಕ ಮೂತ್ರಪಿಂಡದ ಬೆಳವಣಿಗೆಯ ಮೇಲೆ. ಭ್ರೂಣದಲ್ಲಿ ಮೂಡಿ, ಮರಿ ಬೆಳೆದಂತೆ ನಿಜವಾದ ಮೂತ್ರಪಿಂಡಕ್ಕೆ ಜಾಗ ಬಿಟ್ಟು ಮರೆಯಾಗುವ ಒಂದು ಅಂಗ. ಇಂಥ ಕೆಲಸ ಮಾಡಿದವರಿಗೆ ಗೊತ್ತು: ಪದರ ಪದರವಾಗಿ ಕೊಯ್ದ ತೆಳು ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತಿಂಗಳುಗಟ್ಟಲೆ ಕಣ್ಣು ಕೀಲಿಸಬೇಕು. ಆಮೇಲೆ ಅವರು ಬರೆದ ಯಾವ ವಾಕ್ಯದಲ್ಲಿಯೂ ಸಡಿಲ ಗಂಟು ಇಲ್ಲದಿರುವುದಕ್ಕೆ ಈ ತಿಂಗಳುಗಳೂ ಕಾರಣ ಎಂದು ನಾನು ನಂಬಿದ್ದೇನೆ.

ಡಾಕ್ಟರೇಟ್ ಪೂರೈಸಲಾಗಲಿಲ್ಲ. ಆರ್ಥಿಕ ಕುಸಿತದ ಕಾಲ, ಮನೆಯಲ್ಲಿ ದುಡಿಯುವವರು ಕಡಿಮೆ. 1935ರಲ್ಲಿ ತಂದೆ ತೀರಿಕೊಂಡರು. ಎರಡು ವರ್ಷದೊಳಗೆ ಅಕ್ಕ ತೀರಿಕೊಂಡು ಆಕೆಯ ಇಬ್ಬರು ಹೆಣ್ಣುಮಕ್ಕಳೂ ಇವರ ಮಡಿಲಿಗೆ ಬಂದರು. ಹೊಟ್ಟೆಪಾಡಿಗೆ ಹಿಡಿದ ಕೆಲಸ ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿ ರೇಡಿಯೋ ಬರಹ. ಮೀನುಗಳ ಬದುಕಿನ ಮೇಲೆ 52 ಕಂತುಗಳ ಸರಣಿಯೊಂದನ್ನು ಇಲಾಖೆ ಕೈಗೆತ್ತಿಕೊಂಡಿತ್ತು. ಮೀನು ಗೊತ್ತಿದ್ದವರಿಗೆ ಬರೆಯಲು ಬಾರದು, ಬರೆಯಬಲ್ಲವರಿಗೆ ಮೀನು ಗೊತ್ತಿಲ್ಲ ಎಂಬ ಪರಿಸ್ಥಿತಿ. ಅಧಿಕಾರಿ ಎಲ್ಮರ್ ಹಿಗ್ಗಿನ್ಸ್ ಆ ಕೆಲಸವನ್ನು ಕಾರ್ಸನ್ ಕೈಗೆ ಕೊಟ್ಟರು. ಸರಣಿ ಚೆನ್ನಾಗಿ ನಡೆಯಿತು. ನಂತರ ಇಲಾಖೆಯ ಒಂದು ಪುಸ್ತಿಕೆಗೆ ಪೀಠಿಕೆ ಬರೆಯಲು ಹೇಳಿದಾಗ ಅವರು ತಂದುಕೊಟ್ಟದ್ದನ್ನು ಓದಿ ಹಿಗ್ಗಿನ್ಸ್, ಇದು ಸರ್ಕಾರಿ ಪುಸ್ತಿಕೆಗೆ ಹೊಂದುವುದಿಲ್ಲ, ಅಟ್ಲಾಂಟಿಕ್ ಮಾಸಪತ್ರಿಕೆಗೆ ಕಳಿಸಿ ಎಂದರು. 1937ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಒಬ್ಬ ಮೇಲಧಿಕಾರಿ ಒಳ್ಳೆಯ ಬರಹವನ್ನು ತಿರಸ್ಕರಿಸುತ್ತಲೇ ಅದಕ್ಕೆ ಸರಿಯಾದ ಮನೆ ತೋರಿಸಿದ ಈ ಪ್ರಸಂಗವನ್ನು ನೆನೆದಾಗಲೆಲ್ಲ ಆ ಮನುಷ್ಯನ ಬಗ್ಗೆ ನನಗೆ ಗೌರವ ಉಕ್ಕುತ್ತದೆ.

ಆದರೆ ನನಗೆ ಅಟ್ಲಾಂಟಿಕ್‌ಗಿಂತ ಹತ್ತಿರವಾದದ್ದು ಬಾಲ್ಟಿಮೋರ್‌ನ ದಿನಪತ್ರಿಕೆ. 1936ರಿಂದ ಅವರು ಅಲ್ಲಿನ ಸನ್ ಪತ್ರಿಕೆಗೆ ಬರೆಯತೊಡಗಿದರು. ಮೊದಲ ಲೇಖನ ಶ್ಯಾಡ್ ಮೀನಿನ ಮೇಲೆ. ಕಡಲಿನಿಂದ ಚೆಸಪೀಕ್ ಕೊಲ್ಲಿಗೆ ಬಂದು, ನದಿಗಳನ್ನು ಏರಿ ಮೊಟ್ಟೆಯಿಡುವ ಈ ಮೀನು ಯಾಕೆ ಕಡಿಮೆಯಾಗುತ್ತಿದೆ ಎಂಬುದು ವಿಷಯ. ಹೆಂಗಸು ಎಂದು ತಿಳಿದರೆ ಓದುಗರು ಹಗುರವಾಗಿ ಕಂಡಾರು ಎಂದು ‘ಆರ್. ಎಲ್. ಕಾರ್ಸನ್’ ಎಂದು ಸಹಿ ಹಾಕಿದರು. ಹಗಲೆಲ್ಲ ಕಚೇರಿಯಲ್ಲಿ ಇತರ ವಿಜ್ಞಾನಿಗಳ ವರದಿ ತಿದ್ದುವುದು, ರಾತ್ರಿ ಕುಳಿತು ಆ ವರದಿಗಳಲ್ಲಿ ಹೂತುಹೋದದ್ದನ್ನು ಕೊಲ್ಲಿಯ ದಡದ ಜನ ಭಾನುವಾರದ ಪೇಪರಿನಲ್ಲಿ ಓದುವಂತೆ ಬರೆಯುವುದು. ‘ಪೇಪರಿನಲ್ಲಿ ಬಂತೇ?’ ಎಂದು ಚೆಸಪೀಕ್‌ನ ಮೀನುಗಾರನೊಬ್ಬ ಕೇಳಿದ್ದರೆ ಅವರ ಬಳಿ ಉತ್ತರ ಇತ್ತು.

ಇನ್ನೊಂದು ಸಣ್ಣ ಕೆಲಸವನ್ನು ಹೇಳಲೇಬೇಕು, ಕಾರ್ಸನ್ ಬಗ್ಗೆ ಮಾತಾಡುವವರು ಅದನ್ನು ಹಾಗೇ ದಾಟಿ ಹೋಗುತ್ತಾರೆ. ಯುದ್ಧಕಾಲದಲ್ಲಿ ಮಾಂಸಕ್ಕೆ ರೇಷನ್ ಬಂದಾಗ, 1943ರಲ್ಲಿ, ಮನೆಯಲ್ಲಿ ಅಡುಗೆ ಮಾಡುವವರಿಗಾಗಿ ಅವರು ಇಲಾಖೆಯ ಪುಸ್ತಿಕೆ ಬರೆದರು. ಎಲ್ಲರೂ ಕೊಳ್ಳುವ ನಾಲ್ಕು ಜಾತಿಯನ್ನೇ ಹಿಡಿದು ಬರಿದು ಮಾಡುವ ಬದಲು, ನ್ಯೂ ಇಂಗ್ಲೆಂಡ್ ಕಡಲಿನ ಅಷ್ಟಾಗಿ ಹೆಸರಿಲ್ಲದ ಮೀನು ಚಿಪ್ಪುಗಳನ್ನೂ ತಿನ್ನಿ ಎಂಬುದು ಅದರ ಮಾತು. ಕಡಲನ್ನು ಕಾಯುವ ಮಾತನ್ನು ಅವರು ಅಡುಗೆಮನೆಯ ಬಾಗಿಲಿನಿಂದ ಒಳಗೆ ತಂದರು. ನಮ್ಮಲ್ಲಿ ಮೀನಿನ ಮೇಲೆ ಇಷ್ಟು ವಿಜ್ಞಾನ ನಡೆಯುತ್ತದೆ, ಬಂದರಿನಲ್ಲಿ ಬುಟ್ಟಿ ಬುಟ್ಟಿ ಎಣಿಸಿ ಲೆಕ್ಕ ಬರೆಯುವವರಿದ್ದಾರೆ. ಆದರೆ ಕುಮಟೆಯ ಪೇಟೆಯಲ್ಲಿ ಬಳಚು ಕೊಳ್ಳುವವರಿಗೆ ಇಷ್ಟು ಸಣ್ಣದನ್ನು ಕೊಳ್ಳಬೇಡಿ, ಇದು ಇನ್ನೂ ಒಂದು ಸಲವೂ ಮೊಟ್ಟೆಯಿಟ್ಟಿಲ್ಲ ಎಂದು ಹೇಳಿದವರು ಯಾರು? ನಾನಂತೂ ಹೇಳಿರಲಿಲ್ಲ.

ಹದಿನೇಳು ವರ್ಷದ ಮಾತು

ಕಾರ್ಸನ್ ಸ್ವತಃ ಮೂಲ ಸಂಶೋಧನೆ ಮಾಡಿದ್ದು ಕಡಿಮೆ. ಡಾಕ್ಟರೇಟ್ ಇಲ್ಲ, ಪ್ರಯೋಗಾಲಯವಿಲ್ಲ, ಇವರು ವಿಜ್ಞಾನಿಯೇ ಅಲ್ಲ ಎಂದು 1962ರ ನಂತರ ಅವರ ವಿರೋಧಿಗಳು ಹೇಳಿದರು. ಆ ಮಾತನ್ನು ವಿಜ್ಞಾನಿಗಳ ಬಾಯಲ್ಲಿ ನಾನೂ ಕೇಳಿದ್ದೇನೆ, ಮೊದಲಿಗೆ ಅರ್ಧ ಒಪ್ಪಿದ್ದೆ ಕೂಡ. ಈಗ ಒಪ್ಪುವುದಿಲ್ಲ. 1951ರಲ್ಲಿ ಬಂದು, ನ್ಯೂಯಾರ್ಕ್ ಟೈಮ್ಸ್‌ನ ಹೆಚ್ಚು ಮಾರಾಟದ ಪಟ್ಟಿಯಲ್ಲಿ 86 ವಾರ ನಿಂತ ಅವರ ಕಡಲಿನ ಪುಸ್ತಕವನ್ನೇ ತೆಗೆದುಕೊಳ್ಳಿ. ಯುದ್ಧಕ್ಕಾಗಿ ಸೈನ್ಯಗಳು ಕಡಲನ್ನು ಅಳೆದಿದ್ದವು: ಆಳ, ಪ್ರವಾಹ, ಅಲೆ, ನೀರಿನೊಳಗಿನ ಸದ್ದು. ಅದೆಲ್ಲ ಬಿಡಿಬಿಡಿ ವರದಿಗಳಲ್ಲಿ ಬಿದ್ದಿತ್ತು. ಅಲೆಯವನಿಗೆ ಮೀನಿನವನ ವರದಿ ಗೊತ್ತಿಲ್ಲ, ಮೀನಿನವನಿಗೆ ತಳದ ಬೆಟ್ಟಗಳು ಗೊತ್ತಿಲ್ಲ. ಇಲಾಖೆಯ ಪ್ರಕಟಣೆಗಳ ಮುಖ್ಯ ಸಂಪಾದಕಿಯಾಗಿ ಎಲ್ಲವೂ ಹಾದುಹೋಗುವ ಮೇಜಿನ ಮೇಲೆ ಕುಳಿತವರು ಕಾರ್ಸನ್. ಅವೆಲ್ಲವನ್ನೂ ಒಂದೇ ನೀರಾಗಿ ನೋಡಿದ ದೃಷ್ಟಿ ಅವರದು. ಅದನ್ನು ಸಂಶೋಧನೆ ಅಲ್ಲ ಎನ್ನುವವರ ಸಂಶೋಧನೆಯ ಲೆಕ್ಕ ನನಗೆ ಬಹಳ ಕಿರಿದಾಗಿ ಕಾಣುತ್ತದೆ. ಅವರು ಕುರ್ಚಿ ಬಿಟ್ಟು ಏಳದವರೂ ಅಲ್ಲ. 1949ರಲ್ಲಿ ಇಲಾಖೆಯ ಸಂಶೋಧನಾ ಹಡಗು ಆಲ್ಬಟ್ರಾಸ್ 3 ಹತ್ತಿ, ಕಡಲಿನ ನಡುವೆ ಮೀನು ಹಿಡಿಯುವ ಜಾಗವಾದ ಜಾರ್ಜಸ್ ಬ್ಯಾಂಕ್‌ವರೆಗೆ ಹೋದರು. ಗಂಡಸರೇ ತುಂಬಿದ ಹಡಗಿಗೆ ಒಬ್ಬಳೇ ಹೆಂಗಸನ್ನು ಹತ್ತಿಸುವುದಿಲ್ಲ ಎಂಬ ತಕರಾರು ಎದ್ದಾಗ, ತಮ್ಮ ಪುಸ್ತಕದ ಏಜೆಂಟ್ ಮೇರಿ ರೋಡೆಲ್ ಅವರನ್ನು ಜೊತೆಗೆ ಕರೆದುಕೊಂಡರು.

ಇಷ್ಟಾದರೂ ಹೇಳಬೇಕಾದದ್ದೆಲ್ಲ ಹೇಳಬೇಕಾದ ಹೊತ್ತಿಗೆ ಹೇಳಲು ಅವರಿಗೂ ಆಗಲಿಲ್ಲ. 1945ರಲ್ಲಿ ಮೇರಿಲ್ಯಾಂಡಿನ ಪಟುಕ್ಸೆಂಟ್ ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿ ಡಿಡಿಟಿಯ ಪರಿಣಾಮಗಳ ಪರೀಕ್ಷೆ ನಡೆಯುತ್ತಿತ್ತು. ಆ ವಿಷಯದ ಮೇಲೆ ಬರೆಯುತ್ತೇನೆಂದು ಅವರು ರೀಡರ್ಸ್ ಡೈಜೆಸ್ಟ್‌ಗೆ ಪತ್ರ ಬರೆದರು. ಬೇಡ ಎಂದು ಉತ್ತರ ಬಂತು. ಆ ಮಾತು ಪುಸ್ತಕವಾಗಿ ಹೊರಬರಲು ಹದಿನೇಳು ವರ್ಷ ಹಿಡಿಯಿತು. ಬಂದಾಗ ಅದರ ಬೆನ್ನಿಗೆ ಐವತ್ತಕ್ಕೂ ಹೆಚ್ಚು ಪುಟಗಳ ಆಧಾರಗಳಿದ್ದವು, ಬರೆದವರ ಮೈಯಲ್ಲಿ ಕ್ಯಾನ್ಸರ್ ಇತ್ತು. ರೋಗವನ್ನು ಅವರು ಬಚ್ಚಿಟ್ಟರು, ಗೊತ್ತಾದರೆ ಪುಸ್ತಕದ ಮಾತಿಗೆ ರೋಗಿಯ ಸಂಕಟವನ್ನು ಕಾರಣವಾಗಿ ತೋರಿಸುತ್ತಾರೆಂದು. 1963ರ ಏಪ್ರಿಲ್‌ನಲ್ಲಿ ದೂರದರ್ಶನದಲ್ಲಿ ಕುಳಿತು ಸಮಾಧಾನವಾಗಿ ಮಾತಾಡಿದರು, ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಹೇಳಿಕೆ ಕೊಟ್ಟರು. ಮರುವರ್ಷ ಏಪ್ರಿಲ್ 14ರಂದು ತೀರಿಕೊಂಡರು, 56ನೆಯ ವಯಸ್ಸಿಗೆ.

ಆ ಹದಿನೇಳು ವರ್ಷ ನನ್ನನ್ನು ಬಹಳ ಕಾಡುತ್ತದೆ. ಅಷ್ಟು ಚೆನ್ನಾಗಿ ಬರೆಯಬಲ್ಲವರಿಗೇ ಹಾಗಾದರೆ, ಬರೆಯಲು ಕುಳಿತೇ ಇರದ ನಮ್ಮ ಕಪಾಟುಗಳಲ್ಲಿ ಏನೇನು ಬಿದ್ದಿರಬಹುದು?

ಎರಡು ಮೂಗು

ಲೇಖನ ಅಚ್ಚಾಗಿ ಕೆಲವು ವರ್ಷದ ಮೇಲೆ ನಾನು ಆ ಹಳ್ಳಿಯ ಶಾಲೆಯ ಜಗಲಿಯಲ್ಲಿ ಬಳಚು ಹೆಕ್ಕುವವರನ್ನು ಸೇರಿಸಿ ಮಾತಾಡಿದೆ. ಸಂಜೆ ನಾಲ್ಕು ಗಂಟೆ, ಸುಮಾರು ಮೂವತ್ತು ಹೆಂಗಸರು, ಅಷ್ಟೇ ಮಕ್ಕಳು. ಎರಡು ಗಾಜಿನ ಜಾಡಿಗಳಲ್ಲಿ ಅಳಿವೆಯದೇ ರಾಡಿ ನೀರು ತುಂಬಿಸಿ, ಒಂದರಲ್ಲಿ ಹದಿನೈದು ಜೀವಂತ ಬಳಚು ಹಾಕಿಟ್ಟೆ. ನಾನು ತಯಾರಿಸಿಕೊಂಡು ಹೋದದ್ದು ಅಷ್ಟಮುಡಿಯ ಕಥೆ. ಕೇರಳದ ಕೊಲ್ಲಂ ಬಳಿಯ ಆ ಹಿನ್ನೀರಿನಲ್ಲಿಯೂ ನಮ್ಮಲ್ಲಿರುವ ಜಾತಿಯೇ, ಪೇಫಿಯಾ ಮಲಬಾರಿಕಾ. ರಫ್ತಿನ ಆಸೆಗೆ ಬಾಚಿ ಬಾಚಿ ಬಳಚು ಕಡಿಮೆಯಾದಾಗ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅಧ್ಯಯನ ಮಾಡಿ ದಾರಿ ಹೇಳಿದರು. ಮೊಟ್ಟೆಯಿಡುವ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹೆಕ್ಕುವಂತಿಲ್ಲ, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಚಿಕ್ಕದಿರುವಂತಿಲ್ಲ. ಅಲ್ಲಿನ ಜನ ಅದನ್ನು ಪಾಲಿಸಿದರು, 2014ರಲ್ಲಿ ಭಾರತದಲ್ಲಿಯೇ ಮೊದಲ ಬಾರಿಗೆ, ಕಡಲನ್ನು ಬರಿದು ಮಾಡದೆ ಹಿಡಿಯುವವರಿಗೆ ಕೊಡುವ ಎಂಎಸ್‌ಸಿ (ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಪ್ರಮಾಣಪತ್ರ ಆ ಮೀನುಗಾರಿಕೆಗೆ ಸಿಕ್ಕಿತು. ಒಳ್ಳೆಯ ಕಥೆ. ಹೆಂಗಸರು ಮರ್ಯಾದೆಯಿಂದ ಕೇಳಿದರು, ಯಾರ ಮುಖದಲ್ಲಿಯೂ ಏನೂ ಅಲುಗಲಿಲ್ಲ. ಮೂರು ತಿಂಗಳು ಹೆಕ್ಕದಿದ್ದರೆ ಒಲೆ ಹೇಗೆ ಉರಿಯಬೇಕು ಎಂದು ಒಬ್ಬರು ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗಿ ಜಾಡಿಯನ್ನು ತೋರಿಸಿ ಕಿರುಚಿದಳು. ಬಳಚಿದ್ದ ಜಾಡಿಯ ನೀರು ತಿಳಿಯಾಗುತ್ತ ಬಂದಿತ್ತು. ಆಚೆ ಬದಿಯ ಗೋಡೆ ಅದರ ಮೂಲಕ ಕಾಣುತ್ತಿತ್ತು. ಇನ್ನೊಂದು ಜಾಡಿ ಇನ್ನೂ ರಾಡಿಯಾಗಿಯೇ ಇತ್ತು. ಎಲ್ಲರೂ ಎದ್ದು ಬಂದರು. ದಿಬ್ಬದ ಮೇಲೆ ನನ್ನನ್ನು ಕೇಳಿದ್ದ ಆ ಹಿರಿಯರು ಜಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಮುಖ ಹತ್ತಿರ ತಂದು ನೋಡಿದರು. ಚಿಪ್ಪಿನ ಸಂದಿಯಿಂದ ಎರಡು ಸಣ್ಣ ಕೊಳವೆಗಳು ಹೊರಗೆ ಚಾಚಿದ್ದವು, ಬಾಯಂಚಿನಲ್ಲಿ ಸಣ್ಣ ಗೊಂಡೆಯಂಥ ಅಂಚು. ನಾನು ಒಂದು ಹನಿ ನೀಲಿ ಬಣ್ಣವನ್ನು ಅದರ ಹತ್ತಿರ ಬಿಟ್ಟೆ. ಬಣ್ಣ ಒಂದು ಕೊಳವೆಯಲ್ಲಿ ಒಳಗೆ ಹೋಯಿತು. ಸ್ವಲ್ಪ ತಡೆದು ಇನ್ನೊಂದರಿಂದ ತೆಳ್ಳಗೆ ಹೊರಬಂತು. ‘ಇದಕ್ಕೆ ಎರಡು ಮೂಗು!’ ಎಂದರು ಅವರು. ‘ರಾತ್ರಿ ಉಪ್ಪುನೀರಿನಲ್ಲಿ ಹಾಕಿಟ್ಟರೆ ಹೊಯಿಗೆ ಬಿಡುತ್ತದೆ ಎಂದು ಗೊತ್ತಿತ್ತು. ನನ್ನ ಅತ್ತೆ ಹೇಳಿಕೊಟ್ಟದ್ದು. ಯಾವುದರಿಂದ ಬಿಡುತ್ತದೆ ಎಂದು ಇವತ್ತು ಕಂಡೆ.’ ಅರವತ್ತು ವರ್ಷ ಬಳಚು ಹೆಕ್ಕಿದ ಕೈಗಳು ಜಾಡಿಯ ಎರಡೂ ಬದಿ ಹಿಡಿದುಕೊಂಡಿದ್ದವು.

ಆ ಸಂಜೆ ಜಾಡಿಯ ಬಳಚನ್ನು ಏನು ಮಾಡುವುದು ಎಂದು ಚರ್ಚೆಯಾಯಿತು. ಹದಿನೈದು ಬಳಚು ಒಬ್ಬರ ಸಾರಿಗೂ ಸಾಲದು ಎಂದು ಯಾರೋ ನಕ್ಕರು. ‘ತೆಗೆದ ಜಾಗಕ್ಕೇ ಹಾಕಿ ಬರುತ್ತಾಳೆ ಇವಳು, ನಾನು ನೋಡಿದ್ದೇನೆ’ ಎಂದರು ಆ ಹಿರಿಯರು. ಕಾರ್ಸನ್ ಕೂಡ ಹಾಗೇ ಮಾಡುತ್ತಿದ್ದರು. ಮೇನ್ ಕರಾವಳಿಯ ಸೌತ್‌ಪೋರ್ಟ್ ದ್ವೀಪದಲ್ಲಿ 1953ರಲ್ಲಿ ಕಟ್ಟಿಸಿಕೊಂಡ ಮನೆಯಲ್ಲಿ, ಬಂಡೆಗಳ ನಡುವಿನ ನೀರಿನಿಂದ ತಂದ ಸಣ್ಣ ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಮುಗಿಸಿದ ಮೇಲೆ, ರಾತ್ರಿಯಾದರೂ ಸರಿ, ಬಕೆಟ್ ಮತ್ತು ಟಾರ್ಚ್ ಹಿಡಿದು ಇಳಿದು ಹೋಗಿ ತೆಗೆದಲ್ಲಿಯೇ ಬಿಟ್ಟು ಬರುತ್ತಿದ್ದರು. ಅಂದು ನಾವೂ ಟಾರ್ಚ್ ಹಿಡಿದು ಹೋದೆವು, ಮೂರು ಮಕ್ಕಳು ಮತ್ತು ನಾನು.

ಮನೆಗೆ ಬಂದು ಪೇಪರಿಗೆ ಬರೆಯಲು ಕುಳಿತೆ. ಎಂಟು ಪುಟದ ಇಂಗ್ಲಿಷ್ ಲೇಖನ ಬರೆಯಲು ಪಟ್ಟ ಕಷ್ಟ ಈ ಎರಡು ಕಲಮಿನ ಮುಂದೆ ಏನೂ ಅಲ್ಲ. ಕಾರ್ಸನ್‌ರ ಹಸ್ತಪ್ರತಿಗಳನ್ನು ಅವರ ತಾಯಿ ಟೈಪ್ ಮಾಡುತ್ತಿದ್ದರು, ಗಟ್ಟಿಯಾಗಿ ಓದಿ ಕಿವಿಗೆ ಸರಿಯೆನಿಸುವವರೆಗೆ ತಿದ್ದುವುದು ಕಾರ್ಸನ್‌ರ ಕ್ರಮ. ನಾನೂ ನನ್ನ ಅಮ್ಮನಿಗೆ ಓದಿ ಹೇಳಿದೆ. ‘ದ್ವಿಕವಾಟಿಗಳು’ ಎಂದಾಗ ಅಮ್ಮ ಕೈಯಲ್ಲಿದ್ದ ಬೀನ್ಸನ್ನು ಕೆಳಗಿಟ್ಟು, ‘ಅದು ಯಾರು?’ ಎಂದು ಕೇಳಿದಳು. ಆ ಪದವನ್ನು ಹೊಡೆದು ಹಾಕಿದೆ. ‘ಲವಣಾಂಶ’ ಹೋಗಿ ‘ನೀರಿನ ಉಪ್ಪು’ ಬಂತು. ‘ಅಂತರ್ವಾಹಿ ಮತ್ತು ಬಹಿರ್ವಾಹಿ ನಾಳಗಳು’ ಹೋಗಿ ‘ಎರಡು ಮೂಗು’ ಬಂತು. ಹಾಗೆ ಬರೆಯುತ್ತ ಹೋದಾಗ ನನ್ನ ಹಳೆಯ ಲೇಖನದ ಒಂದು ಬಿರುಕು ನನಗೇ ಕಂಡಿತು. ಮಳೆಗಾಲದಲ್ಲಿ ಬಳಚು ಸಾಯುವುದಕ್ಕೆ ಸಿಹಿನೀರು ಕಾರಣ ಎಂದು ಬರೆದಿದ್ದೆ, ಎಷ್ಟು ದಿನದ ಸಿಹಿನೀರು ಎಂದು ಬರೆದಿರಲಿಲ್ಲ. ಇಂಗ್ಲಿಷಿನಲ್ಲಿ ಒಂದು ದೊಡ್ಡ ಪದ ಆ ಬಿರುಕನ್ನು ಮುಚ್ಚಿತ್ತು. ಕನ್ನಡದಲ್ಲಿ ಅಮ್ಮ ಕೇಳಿಯೇ ಬಿಟ್ಟಳು, ‘ಎಷ್ಟು ದಿನ ತಡೆಯುತ್ತದೆ?’

ಲೇಖನ ಒಂದು ಭಾನುವಾರ ಬಂತು. ಮುಂದಿನ ಅಮಾವಾಸ್ಯೆಯ ಇಳಿತಕ್ಕೆ ದಿಬ್ಬಕ್ಕೆ ಹೋದೆ. ಅವರು ಆಗಲೇ ನೀರಿನಲ್ಲಿ ಬಗ್ಗಿದ್ದರು. ಮೊಮ್ಮಗ ಓದಿ ಹೇಳಿದನೆಂದೂ, ಎರಡು ಸಲ ಓದಿಸಿದೆನೆಂದೂ ಹೇಳಿದರು. ದಿಬ್ಬದ ಹೆಸರು ಸರಿಯಾಗಿ ಬಂದಿದೆ ಎಂದರು. ಆಮೇಲೆ ಸೊಂಟಕ್ಕೆ ಕೈಕೊಟ್ಟು ನೇರವಾಗಿ ನಿಂತು, ‘ಒಂದು ಬಿಟ್ಟುಹೋಗಿದೆ’ ಎಂದರು. ‘ಮಳೆ ಬಂದ ಮೇಲೆ ಬಳಚು ಸಾಯುತ್ತದೆ ಎಂದು ಬರೆದಿದ್ದೀಯೆ. ಮೇಲಿನ ದಿಬ್ಬದಲ್ಲಿ ಹಾಗಲ್ಲ. ನಮ್ಮಲ್ಲಿ ಇನ್ನೂ ಹನಿ ಬಿದ್ದಿರುವುದಿಲ್ಲ, ಅಲ್ಲಿ ಬಳಚು ಬಾಯಿ ಬಿಟ್ಟಿರುತ್ತದೆ. ಶಿರಸಿಯಲ್ಲಿ ಮಳೆಯಾದದ್ದು ನಮಗಿಂತ ಮೊದಲು ಅದಕ್ಕೆ ಗೊತ್ತಾಗುತ್ತದೆ ತಂಗಿ.’

ಅಘನಾಶಿನಿಗೆ ಎಲ್ಲಿಯೂ ಅಣೆಕಟ್ಟಿಲ್ಲ. ಘಟ್ಟದ ಮೇಲೆ ಬಿದ್ದ ನೀರನ್ನು ತಡೆದು ನಿಲ್ಲಿಸುವವರಿಲ್ಲ. ಅವರು ಹೇಳಿದ್ದು ಸರಿಯೇ ಇರಬೇಕು, ಆದರೆ ನಾನು ಅಳೆದದ್ದೆಲ್ಲ ಕೆಳಗಿನ ಮೂರು ದಿಬ್ಬಗಳಲ್ಲಿ, ಅದೂ ತಿಂಗಳಿಗೊಮ್ಮೆ. ಮೇಲಿನ ದಿಬ್ಬ ಯಾವುದು ಎಂದು ಕೇಳಿದೆ. ಅವರು ನದಿಯ ತಿರುವಿನಾಚೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಟ್ಟೆಯ ಕಡೆ ಕೈ ತೋರಿಸಿದರು. ಈ ವರ್ಷ ಮೇ ಕೊನೆಯ ವಾರದಿಂದ ಅಲ್ಲಿ ದಿನಕ್ಕೆರಡು ಸಲ ನೀರಿನ ಉಪ್ಪು ಅಳೆಯುತ್ತಿದ್ದೇನೆ. ಬೆಳಗಿನ ಅಳತೆ ನನ್ನದು. ಸಂಜೆಯದನ್ನು ಅವರ ಮೊಮ್ಮಗ ನೋಡುತ್ತಾನೆ, ಈಗ ಅವನು ಕಾಲೇಜಿಗೆ ಹೋಗುತ್ತಾನೆ. ಪೆನ್ಸಿಲ್ಲಿನಲ್ಲಿ ಬರೆದಿಡು ಎಂದು ಹೇಳಿದ್ದೇನೆ.